ಶಾಲೆ ಮುಗಿದ ಮೇಲೆ: ವಿಶೇಷ ಅಗತ್ಯವುಳ್ಳ ಮಕ್ಕಳ ಕಾಲೇಜು ಶಿಕ್ಷಣ

ಪರೀಕ್ಷೆಯ ಫಲಿತಾಂಶ ಬಂದ ದಿನ ಮನೆಮನೆಯಲ್ಲೂ ಪೇಢೆ ಹಂಚುವ ಸಂಭ್ರಮ. ಆದರೆ ಕಣ್ಣು ಕಾಣದ, ಕಿವಿ ಕೇಳದ, ಓದು-ಬರಹದಲ್ಲಿ ತೊಡಕುಳ್ಳ ಅಥವಾ ಆಟಿಸಂ ಇರುವ ಮಗುವಿನ ಮನೆಯಲ್ಲಿ ಸಂತೋಷದ ಬೆನ್ನಿಗೇ ಚಿಂತೆಯೊಂದು ತಲೆಯೆತ್ತುತ್ತದೆ: 'ಇನ್ನು ಮುಂದೇನು?' ಊರಿನಲ್ಲಾದರೆ ಅಜ್ಜ-ಅಜ್ಜಿ, ಸೋದರಮಾವ, ನೆರೆಹೊರೆಯವರು ಎಂದು ಹತ್ತು ಜನರ ಆಸರೆ. ಮಹಾನಗರದ ಎರಡು ಕೋಣೆಗಳ ಬಿಡಾರದಲ್ಲಿ ಈ ಚಿಂತೆಯನ್ನು ತಂದೆ-ತಾಯಿಯರೇ ಹೊರಬೇಕು.

ಶಾಲೆಗೂ ಕಾಲೇಜಿಗೂ ಇರುವ ಅಂತರವೊಂದನ್ನು ಪಾಲಕರು ಮೊದಲೇ ಮನಗಾಣಬೇಕು. ಶಾಲೆಯಲ್ಲಿ ಮಗುವನ್ನು ವರ್ಷಗಟ್ಟಲೆ ಬಲ್ಲ ಶಿಕ್ಷಕರಿರುತ್ತಾರೆ. ಯಾರೂ ಕೇಳದಿದ್ದರೂ ಅದನ್ನು ಮುಂದಿನ ಬೆಂಚಿನಲ್ಲಿ ಕೂರಿಸುತ್ತಾರೆ. ಕಾಲೇಜಿನಲ್ಲಿ ಹಾಗಲ್ಲ. ಅಲ್ಲಿ ಸೌಲಭ್ಯ ದೊರೆಯುವುದು ಕೇಳಿದವರಿಗೆ. ಅದೂ ಕಾಗದಪತ್ರ ತೋರಿಸಿದವರಿಗೆ. ಆದುದರಿಂದ ಕಾಲೇಜಿನ ಸಿದ್ಧತೆ ಫಲಿತಾಂಶದ ದಿನವಲ್ಲ, ಎಂಟು-ಒಂಬತ್ತನೆಯ ತರಗತಿಯಲ್ಲೇ ಆರಂಭವಾಗಬೇಕು.

ಕಾನೂನಿನ ಆಸರೆ

1995ರ ಕಾನೂನು 7 ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಿರುವ, 2016ರ ವಿಕಲಚೇತನರ ಹಕ್ಕುಗಳ ಕಾನೂನು 21 ಬಗೆಗಳನ್ನು ಗುರುತಿಸುತ್ತದೆ. ಆಟಿಸಂ ಮತ್ತು ಕಲಿಕಾ ನ್ಯೂನತೆಗಳೂ ಇವುಗಳಲ್ಲಿ ಸೇರಿವೆ. ಸರಕಾರಿ ಹಾಗೂ ಸರಕಾರದ ಅನುದಾನ ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳು ಶೇಕಡಾ 40 ಅಥವಾ ಅದಕ್ಕೂ ಹೆಚ್ಚಿನ ನ್ಯೂನತೆಯುಳ್ಳವರಿಗಾಗಿ ಕನಿಷ್ಠ ಶೇಕಡಾ 5ರಷ್ಟು ಸ್ಥಾನಗಳನ್ನು ಮೀಸಲಿಡತಕ್ಕದ್ದು. ಪ್ರವೇಶದ ವಯೋಮಿತಿಯಲ್ಲಿಯೂ ಇವರಿಗೆ 5 ವರ್ಷಗಳ ರಿಯಾಯಿತಿಯುಂಟು.

ಇವೆಲ್ಲಕ್ಕೂ ಕೀಲಿಕೈ ಅಂಗವೈಕಲ್ಯದ ಪ್ರಮಾಣಪತ್ರ. 'ಮಗುವಿಗೆ ಹೆಸರು ಅಂಟೀತು' ಎಂಬ ಅಳುಕಿನಿಂದ ಎಷ್ಟೋ ಮನೆಗಳಲ್ಲಿ ಇದನ್ನು ಮಾಡಿಸುವುದೇ ಇಲ್ಲ. ಆ ಸಂಕೋಚದ ಬೆಲೆಯನ್ನು ತೆರುವುದು ಮಗು. ಈ ಪ್ರಮಾಣಪತ್ರ ದೇಶಾದ್ಯಂತ ಊರ್ಜಿತ. ತಂದೆಗೆ ಪುಣೆಯಿಂದ ಹೈದರಾಬಾದಿಗೆ ವರ್ಗವಾದರೂ ಅದರ ಬೆಲೆ ಕುಂದದು.

ಭಾಷೆಯೋ, ನ್ಯೂನತೆಯೋ?

ಹೊರನಾಡ ಕನ್ನಡಿಗರ ಮಕ್ಕಳಿಗೆ ಇಲ್ಲೊಂದು ವಿಶೇಷ ತೊಡಕಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಅಥವಾ ತಮಿಳು, ತರಗತಿಯಲ್ಲಿ ಇಂಗ್ಲಿಷ್. ಮಗು ತಡವರಿಸಿ ಓದಿದರೆ 'ಭಾಷೆ ಹೊಸದು, ಸರಿಹೋದೀತು' ಎಂದು ಪಾಲಕರು ವರ್ಷಗಳನ್ನು ಕಳೆಯುತ್ತಾರೆ. ಕೆಲವೊಮ್ಮೆ ಬರಿಯ ಭಾಷೆಯ ಅಪರಿಚಯವೇ ನ್ಯೂನತೆಯಂತೆ ಕಾಣುವುದೂ ಉಂಟು. ಪರೀಕ್ಷಿಸುವ ಮನೋವಿಜ್ಞಾನಿಗೆ ಮನೆಯ ಮಾತು ಯಾವುದು, ಮಗು ಯಾವ ಲಿಪಿಯನ್ನು ಎಂದು ಕಲಿಯತೊಡಗಿತು ಎಂಬುದನ್ನು ತಪ್ಪದೆ ತಿಳಿಸಬೇಕು. ಕಲಿಕಾ ನ್ಯೂನತೆಯನ್ನು ಅಳೆಯಲು ಕೇಂದ್ರ ಸರಕಾರವು 2018ರಲ್ಲಿ ಸೂಚಿಸಿದ ಪರೀಕ್ಷಾಕ್ರಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರೂಪಿಸಿದ್ದು ಎಂಬುದು ಕನ್ನಡಿಗರಿಗೆ ಸಮಾಧಾನದ ಸಂಗತಿ.

ವಿಷಯಗಳ ಆಯ್ಕೆ

ಶಾಲಾ ಮಂಡಳಿಗಳು ಇಂಥ ಮಕ್ಕಳಿಗೆ ಒಂದು ಭಾಷೆಯನ್ನು ಬಿಡಲು ಅಥವಾ ಗಣಿತದ ಬದಲು ಬೇರೆ ವಿಷಯವನ್ನು ಆರಿಸಲು ಅವಕಾಶ ಕೊಡುವುದುಂಟು. ಇದರಿಂದ ಹೊರೆ ಇಳಿಯುವುದು ನಿಜ. ಆದರೆ ಇಂದು ಗಣಿತವನ್ನು ಬಿಟ್ಟವನಿಗೆ ನಾಳೆ ಇಂಜಿನಿಯರಿಂಗ್‌ನಂತಹ ಬಾಗಿಲುಗಳು ಮುಚ್ಚುತ್ತವೆ. ಬಿಡುವುದು ತಪ್ಪಲ್ಲ, ಅರಿಯದೆ ಬಿಡುವುದು ತಪ್ಪು. ಒಂದೇ ಸಲಕ್ಕೆ ಎಲ್ಲ ವಿಷಯಗಳನ್ನೂ ಬರೆಯಲಾರದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ನೆರವಾಗುತ್ತದೆ. ಅಲ್ಲಿ 5 ವರ್ಷಗಳ ಅವಧಿಯಲ್ಲಿ 9 ಅವಕಾಶಗಳಿದ್ದು, ಒಂದೊಂದೇ ವಿಷಯವನ್ನು ಮುಗಿಸಿಕೊಳ್ಳಬಹುದು.

ಪರೀಕ್ಷೆಯ ಕೋಣೆಯಲ್ಲಿ

ಕೈಯಿಂದ ಬರೆಯಲಾರದವರಿಗೆ ಬದಲಿ ಬರಹಗಾರರ ನೆರವು ಉಂಟು. 2018ರ ಕೇಂದ್ರ ಸರಕಾರದ ಮಾರ್ಗಸೂಚಿ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿನ ಕಾಲ ಕೊಡಬೇಕೆಂದಿತು. ನ್ಯೂನತೆ ಶೇಕಡಾ 40ಕ್ಕಿಂತ ಕಡಿಮೆ ಎಂಬ ಒಂದೇ ಕಾರಣಕ್ಕೆ ಬರಹಗಾರರನ್ನು ನಿರಾಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ತೀರ್ಪಿತ್ತಿತು. ಆದರೆ ಪರೀಕ್ಷೆಯ ಹಿಂದಿನ ದಿನ ಓಡಾಡಿದರೆ ಫಲವಿಲ್ಲ. ಪ್ರವೇಶ ದೊರೆತ ವಾರದಲ್ಲೇ ಲಿಖಿತ ಅರ್ಜಿ ಕೊಟ್ಟು ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು.

ಎಲ್ಲಿ ಸೇರುವುದು?

ಕಾಲೇಜಿನ ಹೆಸರಿಗಿಂತ ಅಲ್ಲಿರುವ ನೆರವು ಮುಖ್ಯ. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 2003ರಿಂದ ದೃಷ್ಟಿಹೀನರ ಸಂಪನ್ಮೂಲ ಕೇಂದ್ರವಿದ್ದು, ಅಕ್ಷರವನ್ನು ಧ್ವನಿಯಾಗಿಸುವ ಕಂಪ್ಯೂಟರಿನ ನೆರವು ಅಲ್ಲಿ ದೊರೆಯುತ್ತದೆ. ಚೆನ್ನೈನ ಅಡಯಾರಿನಲ್ಲಿ ಕಿವುಡ ವಿದ್ಯಾರ್ಥಿಗಳಿಗೆಂದೇ ಸೇಂಟ್ ಲೂಯಿಸ್ ಕಾಲೇಜು ಇದೆ. ಡಿಪ್ಲೊಮಾ ಬಯಸುವವರಿಗೆ ಮೈಸೂರಿನಲ್ಲಿ ಜೆ.ಎಸ್.ಎಸ್. ಸಂಸ್ಥೆ ವಿಕಲಚೇತನರಿಗಾಗಿಯೇ ಪಾಲಿಟೆಕ್ನಿಕ್ ನಡೆಸುತ್ತಿದೆ.

ಬೌದ್ಧಿಕ ನ್ಯೂನತೆಯುಳ್ಳ ಎಲ್ಲರಿಗೂ ಪದವಿಯೇ ಗುರಿಯಾಗಬೇಕಿಲ್ಲ. ಕೈಗೆ ಒಗ್ಗುವ ಕಸುಬಿನ ತರಬೇತಿಯೂ ಗೌರವದ ಹಾದಿಯೇ. 1984ರಲ್ಲಿ ಸಿಕಂದರಾಬಾದಿನಲ್ಲಿ ಆರಂಭವಾದ ರಾಷ್ಟ್ರೀಯ ಸಂಸ್ಥೆ ಈ ಬಗ್ಗೆ ಮಾರ್ಗದರ್ಶನ ನೀಡುತ್ತದೆ. ಮಗುವಿಗೆ 18 ತುಂಬಿದೊಡನೆ ತಂದೆ-ತಾಯಿಯರ ಸಹಜ ಪಾಲಕತ್ವ ಮುಗಿಯುತ್ತದೆ. ಅಗತ್ಯವಿದ್ದಲ್ಲಿ 1999ರ ರಾಷ್ಟ್ರೀಯ ನ್ಯಾಸ ಕಾನೂನಿನನ್ವಯ ಜಿಲ್ಲೆಯ ಸ್ಥಳೀಯ ಸಮಿತಿಯಿಂದ ಪಾಲಕತ್ವ ಪಡೆಯುವುದನ್ನು ಮರೆಯಬಾರದು.

ಕೊನೆಯ ಪಾಠ

ಕಾಲೇಜಿಗೆ ಹೊರಡುವ ಮುನ್ನ ಮಗು ಕಲಿಯಬೇಕಾದ ಪಾಠವೊಂದಿದೆ: ತನ್ನ ತೊಡಕೇನು, ತನಗೆ ಬೇಕಾದ ನೆರವೇನು ಎಂಬುದನ್ನು ನಾಚದೆ ತಾನೇ ಹೇಳುವುದು. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ವೈದ್ಯರೆದುರು ತಾಯಿಯೇ ಉತ್ತರಿಸುತ್ತಿದ್ದರೆ ಈ ಮಾತು ಮಗುವಿನ ನಾಲಗೆಗೆ ಬರುವುದೆಂತು? ಕನ್ನಡ ಸಂಘಗಳೂ ಇಲ್ಲಿ ಕೈಜೋಡಿಸಬಹುದು. ನಿವೃತ್ತ ಹಿರಿಯರು ಪಾಠವನ್ನು ಓದಿ ಹೇಳಬಹುದು. ನಿಯಮ ಒಪ್ಪುವಲ್ಲಿ ಕಿರಿಯ ವಿದ್ಯಾರ್ಥಿಗಳು ಪರೀಕ್ಷೆ ಬರೆದುಕೊಡಬಹುದು. ಹತ್ತು ಜನರ ಆಸರೆಯನ್ನು ಊರಿನಲ್ಲಿ ಬಿಟ್ಟುಬಂದವರಿಗೆ ಆ ಹತ್ತು ಜನ ಮತ್ತೆ ದೊರೆಯುವುದು ಇಂಥ ಕೆಲಸದಲ್ಲಿಯೇ.