ಮೊಬೈಲು ಫೋನಿನಿಂದ ಚದುರಂಗದ ಪಂದ್ಯಾವಳಿಯನ್ನು ನಡೆಸುವ ಕ್ರಮ

ಕಲ್ಯಾಣದ ಚಾಲುಕ್ಯವಂಶದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ರಾಜಯೋಗ್ಯವಾದ ವಿನೋದಗಳ ಸಾಲಿನಲ್ಲಿ ಚದುರಂಗವೂ ವರ್ಣಿತವಾಗಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯೆಂಬ ಭಾಗದಲ್ಲಿ ಮಣೆಯಾಟ, ಎಲೆಯಾಟಗಳ ವಿವರಣೆಯುಂಟು. ಅಂದಿನ ಆಟಕ್ಕೆ ಮಣೆ, ಕಾಯಿ, ಎದುರಾಳಿ ಎಂಬಿವುಗಳ ಜೊತೆಗೆ ಇನ್ನೊಂದು ಅಂಗವಿದ್ದಿತು. ಅದು ಸುತ್ತಲೂ ಕುಳಿತು ನೋಡುವ ಸಭೆ. ಯಾರು ಯಾವ ಕಾಯಿಯನ್ನು ನಡೆಸಿದರು, ಯಾರು ಯಾರಿಗೆ ಕಣ್ಸನ್ನೆ ಮಾಡಿದರು ಎಂಬುದಕ್ಕೆ ಆ ಸಭೆಯೇ ಸಾಕ್ಷಿ. ಈಗ ಆಟಗಾರರಿಬ್ಬರು ಎರಡು ಊರುಗಳಲ್ಲಿಯೂ ಆಟವನ್ನು ಏರ್ಪಡಿಸಿದವನು ಮೂರನೆಯ ಊರಿನಲ್ಲಿಯೂ ಇದ್ದು, ಮೂವರ ಕೈಯಲ್ಲಿಯೂ ಒಂದೊಂದು ಮೊಬೈಲು ಫೋನು ಮಾತ್ರವಿದ್ದರೆ, ಆಟವು ಹೇಗೆ ನಡೆಯುತ್ತದೆ, ಸಭೆಯ ಸ್ಥಾನವನ್ನು ಯಾವುದು ತುಂಬುತ್ತದೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಉದಾಹರಣೆಗಾಗಿ ಲೀಚೆಸ್ ಎಂಬ ತಾಣವನ್ನು ಆರಿಸಿಕೊಂಡಿದ್ದೇವೆ. ಇದನ್ನು 2010ರಲ್ಲಿ ಫ್ರಾನ್ಸ್ ದೇಶದ ತೀಬೋ ದ್ಯುಪ್ಲೆಸೀ ಎಂಬುವರು ಆರಂಭಿಸಿದರು. ಇದಕ್ಕೆ ಶುಲ್ಕವಿಲ್ಲ, ಇದರಲ್ಲಿ ಜಾಹೀರಾತುಗಳಿಲ್ಲ, ದಾನದಿಂದ ನಡೆಯುತ್ತಿದೆ. ಇದರ ತಂತ್ರಾಂಶದ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು. ಗ್ರಂಥಸಂಪಾದನೆಯಲ್ಲಿ ತೊಡಗಿರುವ ನಮ್ಮ ವಾಚಕರಿಗೆ ಈ ಕೊನೆಯ ಗುಣದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಮೊದಲು ಒಂದು ತಪ್ಪು ಭಾವನೆಯನ್ನು ನೀಗಿಸಬೇಕು. ಫೋನಿನ ಪರದೆಯ ಮೇಲೆ ಮಣೆ ಕಾಣುವುದರಿಂದ ಆಟವು ಫೋನಿನೊಳಗೇ ಇದೆಯೆಂದು ಅನೇಕರು ತಿಳಿಯುತ್ತಾರೆ. ಆಟವಿರುವುದು ದೂರದ ಸರ್ವರಿನಲ್ಲಿ. ಆಟಗಾರನು ಕುದುರೆಯನ್ನು ಬೆರಳಿನಿಂದ ಒತ್ತಿ ಬೇರೊಂದು ಮನೆಯನ್ನು ತೋರಿಸಿದೊಡನೆ, ‘ಇಂಥ ಮನೆಯಿಂದ ಇಂಥ ಮನೆಗೆ’ ಎಂಬ ನಾಲ್ಕಾರು ಅಕ್ಷರಗಳ ಸಂದೇಶವೊಂದು ಸರ್ವರಿಗೆ ಹೋಗುತ್ತದೆ. ಆ ನಡೆಯು ನಿಯಮಬದ್ಧವೇ ಎಂದು ಸರ್ವರು ಪರೀಕ್ಷಿಸಿ, ಒಪ್ಪಿದ ಮೇಲೆ ಎದುರಾಳಿಗೆ ತಿಳಿಸುತ್ತದೆ. ಪರದೆಯ ಮಣೆಯು ಪ್ರತಿಬಿಂಬ ಮಾತ್ರ. ಆದುದರಿಂದಲೇ ಪಂದ್ಯಾವಳಿಯನ್ನು ಏರ್ಪಡಿಸಿದವನ ಫೋನು ನಡುವೆ ಆರಿಹೋದರೂ ಪಂದ್ಯಾವಳಿಯು ನಿಲ್ಲುವುದಿಲ್ಲ. ಆಟಗಾರನ ಫೋನು ಆರಿದರೆ ಮಾತ್ರ ಅವನ ಗಡಿಯಾರವು ಓಡುತ್ತಲೇ ಇರುತ್ತದೆ; ಸ್ವಲ್ಪ ಕಾಲ ಕಳೆದ ಮೇಲೆ ಎದುರಾಳಿಯು ಗೆಲುವನ್ನು ಕೇಳಿಕೊಳ್ಳಬಹುದು. ಹೊರಗಿನಿಂದ ಬರುವ ಕರೆಗಳನ್ನು ಆಟಕ್ಕೆ ಮುನ್ನವೇ ತಡೆದಿಡಬೇಕೆಂದು ಹೊಸಬರಿಗೆ ಹೇಳುವುದು ಈ ಕಾರಣದಿಂದಲೇ.

ನಮ್ಮ ‘ಆಡು’ ಎಂಬ ಧಾತುವಿಗೆ ಕ್ರೀಡಿಸು, ನುಡಿ, ಅಲುಗು ಎಂಬ ಮೂರು ಅರ್ಥಗಳೂ ಇರುವುದು ಇಲ್ಲಿ ನೆನಪಿಗೆ ಬರುತ್ತದೆ. ಸರ್ವರಿನ ಕಡೆಯಿಂದ ನೋಡಿದರೆ ಅಂತರ್ಜಾಲದ ಚದುರಂಗವು ನುಡಿಯುವುದೇ ಸರಿ. ಅಲ್ಲಿ ಕಾಯಿಯೂ ಇಲ್ಲ, ಕೈಯೂ ಇಲ್ಲ.

ಒಂದೇ ಆಟವನ್ನು ಸೃಷ್ಟಿಸುವುದು ಸುಲಭ. ಪ್ರತಿಯೊಬ್ಬನಿಗೂ ಎಷ್ಟು ನಿಮಿಷ, ಒಂದೊಂದು ನಡೆಗೆ ಎಷ್ಟು ಸೆಕೆಂಡುಗಳ ಸೇರಿಕೆ, ಬಿಳಿಯೋ ಕಪ್ಪೋ, ಫಲಿತಾಂಶವು ರೇಟಿಂಗಿಗೆ ಸೇರಬೇಕೋ ಬೇಡವೋ ಎಂಬಿಷ್ಟನ್ನು ಗೊತ್ತುಮಾಡಿ, ದೊರೆತ ಕೊಂಡಿಯನ್ನು ಗೆಳೆಯನಿಗೆ ಕಳುಹಿಸಿದರೆ ಸಾಕು.

ಪಂದ್ಯಾವಳಿಯಲ್ಲಿ ವಿಚಾರ ಹೆಚ್ಚು. ಫೋನಿನ ಬ್ರೌಸರಿನಲ್ಲಿ ತಾಣವನ್ನು ತೆರೆದು ಎರಡು ಪದ್ಧತಿಗಳಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಮೊದಲನೆಯದು ಅರೀನಾ. ಇಲ್ಲಿ ಸುತ್ತುಗಳಿಲ್ಲ, ಒಟ್ಟು ಕಾಲ ಮಾತ್ರ ನಿಯತ. ಒಂದು ಆಟ ಮುಗಿಸಿ ಅಂಗಳಕ್ಕೆ ಮರಳಿದವನಿಗೆ ಆ ಹೊತ್ತಿಗೆ ಬಿಡುವಾಗಿರುವ ಇನ್ನೊಬ್ಬನನ್ನು ಸರ್ವರು ಜೊತೆಗೂಡಿಸುತ್ತದೆ. ಗೆಲುವಿಗೆ 2 ಅಂಕ, ಸಮಕ್ಕೆ 1, ಸೋಲಿಗೆ ಸೊನ್ನೆ. ಒಂದರ ಮೇಲೊಂದರಂತೆ ಎರಡು ಗೆದ್ದವನಿಗೆ ಮುಂದಿನ ಆಟಗಳ ಅಂಕವು ಇಮ್ಮಡಿಯಾಗುತ್ತದೆ. ಗೆಲ್ಲದೆ ಹೋದೊಡನೆ ಆ ಭಾಗ್ಯ ತಪ್ಪುತ್ತದೆ. ಎರಡು ಗೆದ್ದು ಮೂರನೆಯದನ್ನು ಸಮಮಾಡಿಕೊಂಡವನ ಮೊತ್ತ 6. ತನ್ನ ಕಾಲವನ್ನು ತಾನೇ ಅರ್ಧಕ್ಕಿಳಿಸಿಕೊಂಡು ಗೆದ್ದರೆ ಇನ್ನೊಂದು ಅಂಕ ಹೆಚ್ಚಿಗೆ ಬರುತ್ತದೆ. ಇದು ವೇಗಕ್ಕೂ ಎದೆಗಾರಿಕೆಗೂ ಬಹುಮಾನ ಕೊಡುವ ಪದ್ಧತಿ. ಜಾತ್ರೆಯ ಗೆಲುವು ಇದರಲ್ಲಿದೆ. ಆದರೆ ಯಾರು ಬಲ್ಲವರೆಂದು ತಿಳಿಯಲು ಇದು ಒರೆಗಲ್ಲಾಗಲಾರದು. ಅದಕ್ಕೆ 1895ರಲ್ಲಿ ಜ್ಯೂರಿಕ್ ನಗರದಲ್ಲಿ ಮೊದಲು ಬಳಕೆಗೆ ಬಂದ ಸ್ವಿಸ್ ಪದ್ಧತಿಯೇ ಮೇಲು. ಇದರಲ್ಲಿ ಸುತ್ತುಗಳು ನಿಯತ. ಸಮಾನ ಅಂಕದವರನ್ನು ಎದುರು ಬದುರು ಕೂರಿಸಲಾಗುತ್ತದೆ. ಒಮ್ಮೆ ಎದುರಾದವರು ಮತ್ತೆ ಎದುರಾಗುವುದಿಲ್ಲ. ಲೀಚೆಸ್ಸಿನಲ್ಲಿ ಇದನ್ನು ಒಂದು ತಂಡದ ಆಶ್ರಯದಲ್ಲಿ ಮಾತ್ರ ನಡೆಸಬಹುದು. ಶಾಲೆಯೋ ಸಂಘವೋ ತನ್ನದೊಂದು ತಂಡವನ್ನು ಕಟ್ಟಿಕೊಂಡರೆ ಪರಸ್ಥಳದಲ್ಲಿರುವ ಸದಸ್ಯರೂ ಸೇರಬಹುದು. ಆರಂಭದ ವೇಳೆಯು ಅವರವರ ಊರಿನ ಗಡಿಯಾರಕ್ಕೆ ಹೊಂದಿಕೊಂಡು ಕಾಣುವುದರಿಂದ ಬೆಂಗಳೂರಿನವನಿಗೂ ಲಂಡನ್ನಿನ ಕನ್ನಡಿಗನಿಗೂ ಗೊಂದಲವಾಗುವುದಿಲ್ಲ.

ರೇಟಿಂಗಿನ ಲೆಕ್ಕವು ಮಾರ್ಕ್ ಗ್ಲಿಕ್‌ಮನ್ನರ ಗ್ಲಿಕೊ-2 ಕ್ರಮದಂತೆ ನಡೆಯುತ್ತದೆ. ಹೊಸಬನಿಗೆ 1500 ಎಂದು ಹಿಡಿದು ಆರಂಭಿಸುತ್ತಾರೆ. ಆರ್ಪಾಡ್ ಈಲೊ ಅವರ ಹಳೆಯ ಕ್ರಮಕ್ಕಿಂತ ಇದರಲ್ಲಿರುವ ವಿಶೇಷವೇನೆಂದರೆ, ಸಂಖ್ಯೆಯ ಜೊತೆಗೆ ಆ ಸಂಖ್ಯೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಅಳತೆಯೂ ಇರುವುದು. ಶಾಸನದ ಕಾಲವನ್ನು ಹೇಳುವಾಗ ಸಂಶಯದ ಮಿತಿಯನ್ನೂ ಹೇಳುವ ಸಂಶೋಧಕನ ನಡತೆ ಇದು.

ಕಾಲಗಣನೆಯಲ್ಲಿ ಒಂದು ನ್ಯಾಯದ ಪ್ರಶ್ನೆಯುಂಟು. ಸಂದೇಶವು ಹಳ್ಳಿಯ ದುರ್ಬಲ ಸಂಪರ್ಕದಲ್ಲಿ ತಡವಾಗಿ ಹೋದರೆ ಆ ತಡವು ಯಾರ ಲೆಕ್ಕಕ್ಕೆ? ದಾರಿಯಲ್ಲಿ ಕಳೆದ ಕಾಲವನ್ನು ಸರ್ವರು ಒಂದು ಮಿತಿಯವರೆಗೆ ಆಟಗಾರನಿಗೆ ಹಿಂದಿರುಗಿಸುತ್ತದೆ. ಮಿತಿಯಿಲ್ಲದಿದ್ದರೆ ತಡವನ್ನೇ ನಟಿಸಿ ಯೋಚಿಸುವವರು ಹುಟ್ಟಿಕೊಳ್ಳುವರು. ಹೀಗಾಗಿ ಸಂಪರ್ಕವು ತೀರ ಕ್ಷೀಣವಾದೆಡೆ ಬಡ ಆಟಗಾರನಿಗೆ ಅನ್ಯಾಯವು ಸ್ವಲ್ಪ ಉಳಿದೇ ಉಳಿಯುತ್ತದೆ. ವ್ಯವಸ್ಥಾಪಕನು ನಿಮಿಷಗಳನ್ನೂ ನಡೆಯ ಸೇರಿಕೆಯನ್ನೂ ಧಾರಾಳವಾಗಿಟ್ಟರೆ ಅದು ಕಡಮೆಯಾದೀತು. ವಿದ್ಯಾರ್ಥಿಗಳಿಗಾಗಿ ಏರ್ಪಡಿಸುವವರು ಮೂರು ನಿಮಿಷದ ಆಟಗಳಿಗಿಂತ ಹದಿನೈದು ನಿಮಿಷದ ಆಟಗಳನ್ನು ಇಟ್ಟುಕೊಳ್ಳುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಇನ್ನು ಸಾಕ್ಷಿಯ ವಿಷಯ. ದೂರದಲ್ಲಿದ್ದುಕೊಂಡು ಆಡುವುದು ಹೊಸದಲ್ಲ. 1824ರಿಂದ 1828ರವರೆಗೆ ಲಂಡನ್ ಮತ್ತು ಎಡಿನ್‌ಬರೋ ನಗರಗಳ ಸಂಘಗಳು ಅಂಚೆಯ ಮೂಲಕ ಆಡಿದುವು, ಎಡಿನ್‌ಬರೋ ಗೆದ್ದಿತು. 1844ರಲ್ಲಿ ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಗರಗಳ ನಡುವೆ ತಂತಿಯ ಮೂಲಕ ಆಟ ನಡೆಯಿತು. 1945ರ ಸೆಪ್ಟೆಂಬರಿನಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ತಂಡಗಳು ರೇಡಿಯೋ ಮೂಲಕ ಹತ್ತು ಮಣೆಗಳಲ್ಲಿ ಆಡಿದಾಗ ಸೋವಿಯತ್ತಿನವರು 15½–4½ ಅಂಕಗಳಿಂದ ಜಯಗಳಿಸಿದರು. ರೇಡಿಯೋ ಪಂದ್ಯದಲ್ಲಿ ಎರಡು ಕಡೆಯೂ ಕಣ್ಣಾರೆ ನೋಡುವ ತೀರ್ಪುಗಾರರಿದ್ದರು. ಅಂಚೆಯ ಪಂದ್ಯದಲ್ಲಿ ಅವರು ಬೇಕಾಗಿರಲಿಲ್ಲ. ಸಂಘದವರೆಲ್ಲ ಕೂಡಿ ಆಲೋಚಿಸಿ ಆಡುವುದೇ ಅದರ ನಿಯಮವಾಗಿತ್ತು. ನೆರವು ಪಡೆಯುವುದು ತನ್ನಷ್ಟಕ್ಕೆ ಮೋಸವಲ್ಲ, ನಿಯಮವು ಬೇಡವೆಂದಲ್ಲಿ ಪಡೆಯುವುದು ಮೋಸವೆಂಬುದು ಇದರಿಂದ ಸ್ಪಷ್ಟ. ಲೀಚೆಸ್ಸಿನಲ್ಲಿಯೂ ದಿನಗಟ್ಟಲೆ ನಡೆಯುವ ಪತ್ರಚದುರಂಗದಲ್ಲಿ ಆರಂಭದ ನಡೆಗಳಿಗಾಗಿ ಪುಸ್ತಕವನ್ನು ನೋಡಬಹುದು. ಯಂತ್ರದ ಸಲಹೆಯನ್ನು ಮಾತ್ರ ಕೇಳಕೂಡದು. ಗಡಿಯಾರದ ಆಟದಲ್ಲಿ ಎರಡೂ ನಿಷಿದ್ಧ.

ಸರ್ವರು ನಡೆಗೆ ಸಾಕ್ಷಿಯೇ ಹೊರತು ನಡೆಸಿದವನಿಗೆ ಸಾಕ್ಷಿಯಲ್ಲ. ಸ್ಟಾಕ್‌ಫಿಷ್ ಎಂಬ ಎಣಿಕೆಯಂತ್ರವು ಜಗದ್ವಿಜೇತರನ್ನೂ ಮೀರಿಸುವಂಥದು. ಅದು ಇನ್ನೊಂದು ಫೋನಿನಲ್ಲಿ ಬಿಟ್ಟಿಯಾಗಿ ದೊರೆಯುತ್ತದೆ. ಹುಡುಗನು ಮೇಜಿನ ಕೆಳಗೆ ಅದನ್ನು ಇಟ್ಟುಕೊಂಡರೆ ಕಾಣುವ ಕಣ್ಣು ಯಾವುದೂ ಇಲ್ಲ. ಆದುದರಿಂದ ಇಲ್ಲಿಯ ಪರೀಕ್ಷೆಯು ಕೃತಿಕರ್ತೃತ್ವದ ವಿಮರ್ಶೆಯನ್ನು ಹೋಲುತ್ತದೆ. ಆಟಗಾರನ ನಡೆಗಳು ಯಂತ್ರದ ನಡೆಗಳಿಗೆ ಎಷ್ಟು ಸಲ ಒಪ್ಪುತ್ತವೆ, ಸುಲಭವಾದುದಕ್ಕೂ ಕಠಿನವಾದುದಕ್ಕೂ ಅವನು ಒಂದೇ ಪ್ರಮಾಣದ ಕಾಲವನ್ನು ತೆಗೆದುಕೊಳ್ಳುತ್ತಾನೆಯೇ, ಹಿಂದಿನ ಆಟಗಳ ಶೈಲಿಗೂ ಇದಕ್ಕೂ ಸಂಬಂಧವುಂಟೇ ಎಂಬ ಅಂತಸ್ಸಾಕ್ಷ್ಯವೇ ಆಧಾರ. ಪ್ರಕ್ಷಿಪ್ತ ಪದ್ಯವನ್ನು ಗುರುತಿಸುವವನಂತೆ ಇಲ್ಲಿಯೂ ಪರೀಕ್ಷಕನಿಗೆ ಸಂಭವವು ಸಿಕ್ಕೀತು, ಪ್ರತ್ಯಕ್ಷವು ಸಿಕ್ಕದು. ಒಂದು ಉತ್ತಮ ಆಟದಿಂದ ಯಾರನ್ನೂ ಕಳ್ಳನೆನ್ನಲಾಗದು. ಅಂತಿಮ ತೀರ್ಮಾನವು ತಾಣದ ನಿರ್ವಾಹಕರದು; ಮೋಸವು ನಿರ್ಧಾರವಾದರೆ ಸೋತವರ ರೇಟಿಂಗನ್ನು ಹಿಂದಿರುಗಿಸುವ ಏರ್ಪಾಡಿದೆ. ವ್ಯವಸ್ಥಾಪಕನು ತಂಡದಿಂದ ಹೊರಗಿಡಬಲ್ಲನಲ್ಲದೆ ತಾಣದಿಂದ ಹೊರಗಿಡಲಾರನು. ಅಧ್ಯಾಪಕರು ಈ ಮಿತಿಯನ್ನು ಮರೆತು ಶಿಷ್ಯನ ಮೇಲೆ ಬಹಿರಂಗವಾಗಿ ಆರೋಪ ಹೊರಿಸಿದರೆ, ಆ ಹುಡುಗನು ನಿರಪರಾಧಿಯಾಗಿದ್ದ ಪಕ್ಷದಲ್ಲಿ, ಆದ ಹಾನಿಯನ್ನು ಯಾವ ಸರ್ವರೂ ತುಂಬಿಕೊಡದು.

ಹಣದ ಮಾತನ್ನೂ ಹೇಳಬೇಕು. ಕರ್ನಾಟಕವು 2021ರಲ್ಲಿ ಪೊಲೀಸು ಕಾಯಿದೆಯನ್ನು ತಿದ್ದಿ ಪಣವಿಟ್ಟಾಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ರಾಜ್ಯದ ಉಚ್ಚ ನ್ಯಾಯಾಲಯವು ಆ ವಿಧಿಗಳನ್ನು ಅಸಿಂಧುವೆಂದಿತು. ಕೌಶಲದ ಆಟ ಬೇರೆ, ಅದೃಷ್ಟದ ಆಟ ಬೇರೆ ಎಂಬ ಭೇದವು ಆ ವಾದದ ತಿರುಳು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿ, 22ರಂದು ರಾಷ್ಟ್ರಪತಿಗಳ ಒಪ್ಪಿಗೆ ಪಡೆದ ಅಂತರ್ಜಾಲ ಆಟಗಳ ಕಾಯಿದೆಯು ಈ ಭೇದವನ್ನೇ ಬದಿಗಿಟ್ಟಿತು: ಹಣವನ್ನು ಗೆಲ್ಲುವ ನಿರೀಕ್ಷೆಯಿಂದ ಹಣ ತೆತ್ತು ಆಡುವ ಆಟವು ಕೌಶಲದ್ದಾದರೂ ನಿಷಿದ್ಧವೇ. ಕ್ರೀಡೆಯೆಂದು ಮನ್ನಣೆ ಪಡೆದ ಇ-ಕ್ರೀಡೆಗಳನ್ನು ಅದು ಬೇರೆಯಾಗಿ ಎಣಿಸಿದೆ. ಪ್ರವೇಶಧನವನ್ನು ಕೂಡಿಸಿ ಗೆದ್ದವರಿಗೆ ಹಂಚುವ ಆಲೋಚನೆಯುಳ್ಳ ಸಂಘಗಳು ಮೊದಲು ನ್ಯಾಯವಾದಿಗಳನ್ನು ಕೇಳತಕ್ಕುದು. ಪುಸ್ತಕವನ್ನು ಬಹುಮಾನವಾಗಿಟ್ಟು ಪ್ರವೇಶವನ್ನು ಮುಕ್ತವಾಗಿಡುವುದು ನಿರಾತಂಕ.

ಮೂಲಪಾಠವು ಮುಕ್ತವಾಗಿರುವುದರಿಂದ ವಿಶ್ವವಿದ್ಯಾನಿಲಯವೊಂದು ಬಯಸಿದರೆ ಅದೇ ತಂತ್ರಾಂಶವನ್ನು ತನ್ನ ಸರ್ವರಿನಲ್ಲಿ ಸ್ಥಾಪಿಸಿಕೊಳ್ಳಬಹುದು. ಆಗ ಆಟಗಳ ದಾಖಲೆಯೆಲ್ಲ ಅದರ ವಶದಲ್ಲಿಯೇ ಉಳಿಯುತ್ತದೆ. ಯಂತ್ರದ ನೆರವು ಪಡೆದವರಾರೆಂದು ವಿಚಾರಿಸುವ ಭಾರವೂ ಅದರ ಪಾಲಿಗೇ ಬರುತ್ತದೆ.