ಮೊದಲು ನೀರು, ಆಮೇಲೆ ಹಲಗೆ

ಗೊರೂರಿನ ಹೇಮಾವತಿ ಜಲಾಶಯ ತುಂಬಿದರೆ 2922 ಅಡಿ. ಈ ಅಂಕಿ ಹಾಸನ ಸೀಮೆಯ ಮಕ್ಕಳಿಗೂ ಬಾಯಿಪಾಠ. ಮಳೆಗಾಲದಲ್ಲಿ ಪತ್ರಿಕೆ ಕೈಗೆ ಬಂದರೆ ನಮ್ಮ ಬೂವನಹಳ್ಳಿ ಕಡೆಯವರು ಮೊದಲು ಹುಡುಕುವುದು ಒಳಹರಿವು ಎಷ್ಟು, ಮಟ್ಟ ಎಷ್ಟು ಎಂಬುದನ್ನೇ. ನಾಲೆ ನಂಬಿದವರಿಗೆ ಅದು ಬೆಳೆಯ ಲೆಕ್ಕ. ನನಗೆ ಅದರ ಜೊತೆ ಇನ್ನೊಂದು ಲೆಕ್ಕವೂ ಇದೆ: ಹಿನ್ನೀರಿನ ಅಂಚಿನ ಹಳೆಯ ಮರದ ಬೊಡ್ಡೆಗಳು ಆಳಕ್ಕೆ ಮುಳುಗಿವೆಯೋ, ಇಲ್ಲ ಗೇಣುದ್ದ ಕೆಳಗೆ ಅಡಗಿ ಕೂತಿವೆಯೋ ಎಂಬುದು. ನಾನು ಹಾಸನದಲ್ಲಿ ದೈಹಿಕ ಶಿಕ್ಷಣದ ಟೀಚರು. ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಆಟ, ಈಗ ಎಲ್ಲರೂ ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡ್ ಎನ್ನುವುದು, ನನ್ನನ್ನು ಹಿಡಿದುಕೊಂಡು ವರ್ಷಗಳಾದವು.

ಹಳೆಯ ವಿದ್ಯಾರ್ಥಿಗಳು ಫೋನ್ ಮಾಡುತ್ತಾರೆ. ಈಗ ಅವರಿಗೆ ಕೈತುಂಬ ಸಂಬಳ, ಬೆಂಗಳೂರಿನಲ್ಲಿ ಕೆಲಸ, ವಾರದ ಕೊನೆಗೆ ಊರು. ಎಲ್ಲರ ಮೊದಲ ಪ್ರಶ್ನೆ ಒಂದೇ: “ಎಷ್ಟು ಅಡಿ ಉದ್ದದ್ದು ತಗೊಳ್ಲಿ ಮೇಡಂ?” ಉದ್ದದ ಮಾತು ಕೊನೆಗಿರಲಿ ಎನ್ನುತ್ತೇನೆ. ಯಾವ ನೀರಿನಲ್ಲಿ ಆಡುತ್ತೀರಿ, ನಿಮ್ಮ ತೂಕವೆಷ್ಟು, ಮನೆಯಿಂದ ನೀರಿನ ತನಕ ಅದನ್ನು ಹೇಗೆ ಒಯ್ಯುತ್ತೀರಿ? ಇವಕ್ಕೆ ಉತ್ತರ ಸಿಕ್ಕರೆ ಹಲಗೆ ಹೆಚ್ಚೂ ಕಡಿಮೆ ತಾನೇ ಆಯ್ಕೆಯಾಗಿಬಿಡುತ್ತದೆ.

ನೀರು ಹಲಗೆಯನ್ನು ಹೇಗೆ ಬದಲಿಸುತ್ತದೆ ಎಂದು ಕಣ್ಣಾರೆ ನೋಡಬೇಕಾದವರು ಮುಲ್ಕಿ ಹತ್ತಿರದ ಸಸಿಹಿತ್ಲುಗೆ ಹೋಗಬೇಕು. ಅಲ್ಲಿ ಸಪೂರ ಮರಳ ಪಟ್ಟಿಯ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಶಾಂಭವಿ ಮತ್ತು ನಂದಿನಿ ನದಿಗಳು ಕೂಡುವ ಅಳಿವೆ. ಇಂಡಿಯನ್ ಓಪನ್ ಆಫ್ ಸರ್ಫಿಂಗ್ 2016ರಲ್ಲಿ ಶುರುವಾದದ್ದು ಅಲ್ಲೇ. 2024ರ ಮಾರ್ಚ್‌ನಲ್ಲಿ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ನಡೆದದ್ದೂ ಅಲ್ಲೇ; ಪ್ಯಾಡಲ್ ಬೋರ್ಡಿಂಗ್‌ನ ವರ್ಲ್ಡ್ ಟೂರ್ ಪಂದ್ಯಾವಳಿ ಭಾರತಕ್ಕೆ ಬಂದದ್ದು ಅದೇ ಮೊದಲು. ನಮ್ಮ ಮಂಗಳೂರು ಕರಾವಳಿಗೆ ಸಂದ ಆ ಗೌರವ ಘಟ್ಟದ ಮೇಲಿನ ನಮಗೆ ಸರಿಯಾಗಿ ಗೊತ್ತೇ ಆಗಲಿಲ್ಲ ಎಂಬುದು ನನ್ನ ಬೇಸರ.

ಪಂದ್ಯದವರು ಬಳಸುವ ಹಲಗೆ ಹದಿನಾಲ್ಕು ಅಡಿ ಉದ್ದ, ಅಗಲವೋ ಬರೀ 22ರಿಂದ 26 ಇಂಚು. ಮೂತಿ ದೋಣಿಯ ಮೂತಿಯಂತೆ ಚೂಪು. ನೀರನ್ನು ಸೀಳಿಕೊಂಡು ನೆಟ್ಟಗೆ ಓಡುತ್ತದೆ, ಆದರೆ ಹೊಸಬರು ಅದರ ಮೇಲೆ ಎರಡು ಕ್ಷಣ ನಿಲ್ಲಲಾರರು. ಅಲೆಯಲ್ಲಿ ಆಡುವವರದು ಏಳರಿಂದ ಒಂಬತ್ತು ಅಡಿಯ ಗಿಡ್ಡ ಹಲಗೆ; ಚಕ್ಕನೆ ತಿರುಗಬೇಕು, ನೆಟ್ಟಗೆ ಹೋಗುವ ಚಿಂತೆ ಅದಕ್ಕಿಲ್ಲ. ಅಳಿವೆಯ ಒಳಗಿನ ಶಾಂತ ನೀರಿನಲ್ಲಿ ಕಲಿಯುವವರ ಕಾಲಡಿ ಇರುವುದು ಮೂರನೆಯ ಬಗೆ: ಹತ್ತರಿಂದ ಹನ್ನೊಂದು ಅಡಿ ಉದ್ದ, 32ರಿಂದ 34 ಇಂಚು ಅಗಲ, ದುಂಡು ಮೂತಿ. ಆಲ್‌ರೌಂಡ್ ಎನ್ನುತ್ತಾರೆ. ಇದರ ಮತ್ತು ಪಂದ್ಯದ ಹಲಗೆಯ ನಡುವೆ ಟೂರಿಂಗ್ ಎಂಬುದೊಂದಿದೆ, ಹನ್ನೊಂದೂವರೆಯಿಂದ ಹನ್ನೆರಡೂವರೆ ಅಡಿ, 30 ಇಂಚಿನ ಆಸುಪಾಸು ಅಗಲ, ದೂರ ಹೋಗುವವರಿಗೆ. ಯೋಗಾಸನಕ್ಕೆ ಎಂದು ಮಾರುವ 36 ಇಂಚಿನವೂ ಇವೆ. ಅವುಗಳ ಮೇಲೆ ಆಸನ ಹಾಕಲು ಚೆನ್ನ, ಹುಟ್ಟು ಹಾಕಿ ಮುಂದೆ ಸಾಗಲು ಮಂದ.

ಈಗ ನಮ್ಮ ಹಾಸನದ ನೀರಿಗೆ ಬನ್ನಿ. ಹೇಮಾವತಿಯ ಹಿನ್ನೀರಿರಲಿ, ಬೇಲೂರಿನ ಯಗಚಿ ಇರಲಿ, ಇಲ್ಲಿ ಅಲೆಯಿಲ್ಲ, ಉಪ್ಪಿಲ್ಲ, ಅಳಿವೆಯ ಸೆಳೆತವಿಲ್ಲ. ಇರುವುದು ಗಾಳಿ. ಬೆಳಗ್ಗೆ ಕನ್ನಡಿಯಂತಿದ್ದ ನೀರು ಹೊತ್ತೇರುತ್ತಿದ್ದಂತೆ ಸುಕ್ಕುಗಟ್ಟುತ್ತದೆ. ಮುಂಗಾರಿನ ಪಡುವಣ ಗಾಳಿಯಲ್ಲಂತೂ ಹಲಗೆ ಇಳಿಸುವ ಮಾತೇ ಬೇಡ. ಅಕ್ಟೋಬರಿನಿಂದ ಫೆಬ್ರವರಿವರೆಗಿನ ಮುಂಜಾವುಗಳೇ ನಮ್ಮ ಕಾಲ. ಇಂಥ ನೀರಿಗೆ ಆಲ್‌ರೌಂಡ್ ಹಲಗೆಯೇ ಸರಿ. ಕಲಿತು ಪಳಗಿದ ಮೇಲೆ ದಡದಿಂದ ದಡಕ್ಕೆ ಹೋಗುವ ಆಸೆ ಹುಟ್ಟಿದರೆ ಟೂರಿಂಗ್. ಮೊದಲ ಹಲಗೆಯಾಗಿ ಅಲೆಯಾಟದ ಗಿಡ್ಡ ಹಲಗೆಯನ್ನು ಮಾತ್ರ ಯಾರೂ ಘಟ್ಟ ಹತ್ತಿಸಿ ತರಬೇಡಿ. ಸಮುದ್ರದಲ್ಲಿ ಚಂದ ಕಂಡ ಅದು ನಿಂತ ನೀರಿನಲ್ಲಿ ಪ್ರತಿ ಹುಟ್ಟಿಗೂ ಮೂತಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸುತ್ತ ಸುಸ್ತು ಮಾಡುತ್ತದೆ.

ತೂಕದ ಲೆಕ್ಕ ಸರಳ. ಒಂದು ಲೀಟರ್ ಸಿಹಿನೀರಿನ ತೂಕ ಒಂದು ಕಿಲೋ. ನೀವು 75 ಕಿಲೋ, ಹಲಗೆ 10 ಕಿಲೋ, ಜಾಕೆಟ್ಟು, ನೀರಿನ ಬಾಟಲಿ, ಹುಟ್ಟು ಸೇರಿ ಇನ್ನೊಂದು 5 ಕಿಲೋ ಎಂದರೆ, ತೇಲಲು ಹಲಗೆ 90 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳಲೇಬೇಕು. ಆದರೆ ಬರೀ ತೇಲಿದರೆ ಸಾಲದು, ನಿಂತಾಗ ಅಲುಗಾಡಬಾರದು. ಅದಕ್ಕೇ ಗಟ್ಟಿ ಹಲಗೆ ಕೊಳ್ಳುವ ಹೊಸಬರು ತಮ್ಮ ತೂಕದ ಎರಡು ಪಟ್ಟು ಲೀಟರ್ ಇರುವುದನ್ನು ಆರಿಸಬೇಕು. 75 ಕಿಲೋದವರಿಗೆ 150 ಲೀಟರ್ ಅಥವಾ ಮೇಲೆ. ಗಾಳಿ ತುಂಬುವ ಹಲಗೆಗಳಲ್ಲಿ ಈ ಚಿಂತೆಯಿಲ್ಲ, ಆರು ಇಂಚು ದಪ್ಪವಿರುವುದರಿಂದ ಸಾಮಾನ್ಯವಾಗಿ 250 ಲೀಟರಿಗೂ ಹೆಚ್ಚೇ ಇರುತ್ತವೆ. ಅಲ್ಲಿ ಕೇಳಬೇಕಾದ ಪ್ರಶ್ನೆ ತೇಲುತ್ತದೆಯೇ ಎಂಬುದಲ್ಲ, ನಡುವೆ ಬಾಗುತ್ತದೆಯೇ ಎಂಬುದು. ಡಬ್ಬದ ಮೇಲೆ ಬರೆದ ಗರಿಷ್ಠ ಭಾರವನ್ನೇ ನೆಚ್ಚಿಕೊಳ್ಳಬೇಡಿ. ಅದರ ಮೂರನೇ ಎರಡು ಭಾಗವನ್ನು ನಿಮ್ಮ ಮಿತಿ ಎಂದುಕೊಳ್ಳಿ.

ಸಿಹಿನೀರಿಗೆ ಬೇರೆಯೇ ಹಲಗೆ ಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಸಮುದ್ರದ ನೀರು ನೂರಕ್ಕೆ ಎರಡೂವರೆ ಪಾಲು ಹೆಚ್ಚು ಭಾರ, ಅಷ್ಟೇ. ಮೇಲೆ ಹೇಳಿದ 90 ಲೀಟರು ಸಸಿಹಿತ್ಲಿನಲ್ಲಿ 88 ಆದೀತು.

ಅಗಲದ ವಿಚಾರದಲ್ಲಿ ಮಾತ್ರ ನನಗೆ ಹೇಳಲಿಕ್ಕೆ ಬಹಳ ಇದೆ, ಯಾಕೆಂದರೆ ಹೆಣ್ಣುಮಕ್ಕಳಿಗೆ ಇಲ್ಲಿ ಅನ್ಯಾಯವಾಗುತ್ತದೆ. “ಹೊಸಬರು, ಹೆದರ್ತಾರೆ, ಅಗಲದ್ದೇ ಕೊಡಿ” ಎಂದು ಐದಡಿ ಎತ್ತರದ ಹುಡುಗಿಗೂ 34 ಇಂಚಿನದನ್ನು ಕೊಡಿಸುತ್ತಾರೆ. ಅವಳ ಭುಜದ ಅಗಲಕ್ಕೆ ಅದು ತೀರಾ ಹೆಚ್ಚು. ಹುಟ್ಟನ್ನು ನೆಟ್ಟಗೆ ನೀರಿಗಿಳಿಸಲು ಪಕ್ಕಕ್ಕೆ ವಾಲಬೇಕು, ವಾಲದಿದ್ದರೆ ಹುಟ್ಟು ಓರೆಯಾಗಿ ಇಳಿದು ಹಲಗೆ ಸುತ್ತು ಹೊಡೆಯುತ್ತದೆ. ಕೊನೆಗೆ ಭುಜ ನೋವೆಂದು ಬಿಟ್ಟೇಬಿಡುತ್ತಾಳೆ. ಇದು ತನಗಾಗದ ಆಟ ಎಂದುಕೊಳ್ಳುತ್ತಾಳೆ. 50–55 ಕಿಲೋದ ಒಳಗಿನವರಿಗೆ 30 ಇಂಚೇ ಸಾಕು, 31 ಇದ್ದರೆ ಧಾರಾಳ. ಹಗುರ ಮೈಯವರು ಸಪೂರ ಹಲಗೆಯ ಮೇಲೂ ಸುಲಭವಾಗಿ ನಿಲ್ಲುತ್ತಾರೆ. ನನ್ನ ಶಾಲೆಯ ಕಬಡ್ಡಿ ಹುಡುಗಿಯರನ್ನು ನಿಲ್ಲಿಸಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ. ತೊಂಬತ್ತು ಕಿಲೋ ದಾಟಿದವರಿಗೆ 33–34 ಇಂಚು ಬೇಕೇ ಬೇಕು. ಮುಂದೆ ಮಗುವನ್ನು ಕೂರಿಸಿಕೊಂಡು ಹೋಗುವ ಅಪ್ಪಂದಿರಿಗೂ ಅಷ್ಟೇ.

ಗಟ್ಟಿ ಹಲಗೆಯೋ, ಗಾಳಿಯದೋ? ಗಟ್ಟಿಯದರ ಒಳಗೆ ಹಗುರ ಫೋಮು, ಹೊರಗೆ ಗಾಜಿನ ನಾರು ಮತ್ತು ಎಪಾಕ್ಸಿಯ ಪದರ. ಸಾಗುವ ಸುಖ ಅದರದ್ದೇ. ಆದರೆ ಹತ್ತೂವರೆ ಅಡಿಯ ಸಾಮಾನನ್ನು ಕಾರಿನ ನೆತ್ತಿಯ ಮೇಲೆ ಕಟ್ಟಬೇಕು, ಮನೆಯಲ್ಲಿ ಅದಕ್ಕೊಂದು ಗೋಡೆ ಬೇಕು, ಹಿನ್ನೀರಿನ ಬೊಡ್ಡೆಗೆ ತಾಗಿದರೆ ಬಿರುಕು ಬಿಡುತ್ತದೆ. ಗಾಳಿಯದು ಸುತ್ತಿದರೆ ಬೆನ್ನಚೀಲಕ್ಕೆ ಬರುತ್ತದೆ, ಹೊಳೆನರಸೀಪುರದ ಬಸ್ಸಿನಲ್ಲೂ ಒಯ್ಯಬಹುದು. ನಮ್ಮ ಜಿಲ್ಲೆಯ ನೀರಿಗೆ ನನ್ನ ಮತ ಗಾಳಿಯದಕ್ಕೆ.

ಬಟ್ಟೆಯ ಚೀಲಕ್ಕೆ ಗಾಳಿ ಹೊಡೆದರೆ ದಿಂಬಿನಂತೆ ಉಬ್ಬಬೇಕಲ್ಲ, ಇದು ಹೇಗೆ ಚಪ್ಪಟೆಯಾಗಿ ನಿಲ್ಲುತ್ತದೆ? ಮೇಲಿನ ಪದರ ಮತ್ತು ಕೆಳಗಿನ ಪದರವನ್ನು ಒಳಗಿನಿಂದ ಸಾವಿರಾರು ದಾರಗಳು ಕೌದಿಯ ಹೊಲಿಗೆಯಂತೆ ಹಿಡಿದಿಟ್ಟಿರುತ್ತವೆ. ಎಲ್ಲ ದಾರಗಳ ಉದ್ದ ಒಂದೇ. ಗಾಳಿ ತುಂಬಿದಾಗ ಅವೆಲ್ಲ ಬಿಗಿದು, ಆರು ಇಂಚಿಗಿಂತ ಹೆಚ್ಚು ಉಬ್ಬಲು ಬಿಡುವುದಿಲ್ಲ. 1950ರ ದಶಕದಲ್ಲಿ ಅಮೆರಿಕದ ಗುಡ್‌ಇಯರ್ ಕಂಪನಿ ಗಾಳಿ ತುಂಬಿ ಹಾರಿಸುವ ವಿಮಾನ ಮಾಡಿದ್ದು ಇಂಥದ್ದೇ ಬಟ್ಟೆಯಿಂದ. ತಮ್ಮೂರಿಗೆ ವಿಮಾನ ನಿಲ್ದಾಣ ಬರುತ್ತದೆಂಬ ಮಾತನ್ನೇ ಕೇಳುತ್ತ ಬೆಳೆದ ಬೂವನಹಳ್ಳಿಯ ಮಕ್ಕಳಿಗೆ ಈ ಕಥೆ ಹೇಳಿದರೆ ಕಣ್ಣರಳಿಸುತ್ತಾರೆ.

ಬಿಗಿತವೇ ಎಲ್ಲ. ಹೆಚ್ಚಿನ ಹಲಗೆಗಳು ಕೇಳುವುದು 12ರಿಂದ 15 ಪಿಎಸ್‌ಐ ಗಾಳಿಯೊತ್ತಡ, ಕೆಲವು ಇನ್ನೂ ಹೆಚ್ಚು. ಕೈಪಂಪಿನಲ್ಲಿ ಎಂಟರ ತನಕ ಸಲೀಸು, ಆಮೇಲೆ ರಟ್ಟೆಯ ಕೆಲಸ. ಅಲ್ಲೇ ಜನ ಸಾಕು ಎಂದು ನಿಲ್ಲಿಸಿಬಿಡುತ್ತಾರೆ. ಎಂಟಕ್ಕೆ ನಿಂತ ಹಲಗೆ ನಿಮ್ಮ ಕಾಲಡಿ ಬಾಗುತ್ತದೆ, ಅಲುಗುತ್ತದೆ, ಬೈಗುಳ ಮಾತ್ರ ಹಲಗೆಗೆ. ಕೊಳ್ಳುವ ಮುನ್ನ ಪೂರ್ತಿ ಗಾಳಿ ಹಾಕಿಸಿ, ಎರಡು ತುದಿಗೆ ಎರಡು ಸ್ಟೂಲು ಕೊಟ್ಟು, ನಡುವೆ ಒತ್ತಿ ನೋಡಿ. ಒಂದೇ ಪದರದ ಅಗ್ಗದ್ದಕ್ಕೂ ಎರಡು ಪದರದ್ದಕ್ಕೂ ಇರುವ ಅಂತರ ಆಗ ಕೈಗೇ ತಿಳಿಯುತ್ತದೆ.

ಗೇಜಿನ ಬಗ್ಗೆ ಘಟ್ಟದ ಮೇಲಿನವರಿಗೆ ಒಂದು ಎಚ್ಚರಿಕೆ. ಮುಲ್ಕಿಯ ಕಡಲ ಮಟ್ಟದಲ್ಲಿ 15 ತುಂಬಿಸಿದ ಹಲಗೆಯನ್ನು ಹಾಗೆಯೇ ಗಾಡಿಗೆ ಕಟ್ಟಿ ಶಿರಾಡಿ ಘಾಟಿ ಹತ್ತಿಸಿದರೆ ಹಾಸನದಲ್ಲಿ ಅದು ಹದಿನಾರೂವರೆ ತೋರಿಸುತ್ತದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ. ಅದಕ್ಕಿಂತ ಅಪಾಯ ಬಿಸಿಲು: ಬೆಳಗ್ಗೆ 25 ಡಿಗ್ರಿಯಲ್ಲಿ 15 ಇದ್ದದ್ದು ದಡದ ಬಿಸಿಲಿಗೆ 55 ಡಿಗ್ರಿಗೆ ಕಾದರೆ ಸುಮಾರು 3 ಪಿಎಸ್‌ಐ ಏರುತ್ತದೆ. ನೀರಿನಿಂದ ಮೇಲೆ ತಂದ ಕೂಡಲೇ ನೆರಳಿಗೆ ಹಾಕಿ, ಒಂದಿಷ್ಟು ಗಾಳಿ ಬಿಡಿ.

ಹಲಗೆಯಡಿಯ ಮೀನುರೆಕ್ಕೆಯಂಥ ಫಿನ್ ಅನ್ನು ಕೊಳ್ಳುವಾಗ ಯಾರೂ ನೋಡುವುದಿಲ್ಲ. ನೆಟ್ಟಗೆ ಸಾಗಿಸುವುದೇ ಅದು. ಒಂಬತ್ತು ಇಂಚಿನ ಒಂದೇ ಫಿನ್ ಆಳ ನೀರಿಗೆ ಚೆನ್ನ. ಆದರೆ ನಮ್ಮ ಕೆರೆಗಳಲ್ಲಿ ಅಂತರಗಂಗೆ ಮತ್ತು ಜೊಂಡು ಅದಕ್ಕೆ ಸುತ್ತಿಕೊಳ್ಳುತ್ತವೆ, ಹಿನ್ನೀರಿನಲ್ಲಿ ಬೊಡ್ಡೆಗೆ ತಗುಲಿ ಹಲಗೆ ಗಕ್ಕನೆ ನಿಂತರೆ ನೀವು ಮುಂದಕ್ಕೆ ಮುಗ್ಗರಿಸುತ್ತೀರಿ. ಹಿಂದಕ್ಕೆ ಬಾಗಿದ ನಾಲ್ಕೈದು ಇಂಚಿನ ಗಿಡ್ಡ ಫಿನ್ ಇಟ್ಟುಕೊಳ್ಳಿ. ಬಿಚ್ಚಿ ಬದಲಿಸಲು ಬರುವ ಹಲಗೆಯನ್ನೇ ಕೊಳ್ಳಿ. ಅಂಟಿಸಿಬಿಟ್ಟ ಫಿನ್ ಮುರಿದರೆ ತಾಪತ್ರಯ.

ಹುಟ್ಟು ನಿಮ್ಮ ಎತ್ತರಕ್ಕಿಂತ ಎಂಟು ಹತ್ತು ಇಂಚು ಉದ್ದವಿರಲಿ. ಮನೆಯವರೆಲ್ಲ ಬಳಸುವುದಾದರೆ ಉದ್ದ ಹೊಂದಿಸುವಂಥದ್ದು. ಅಲಗು ತುಸು ಬಾಗಿರುತ್ತದಲ್ಲ, ಆ ಬಾಗು ಮುಂದಕ್ಕೆ, ಹಲಗೆಯ ಮೂತಿಯ ಕಡೆಗೆ ಇರಬೇಕು. ಹರಿಗೋಲಿನ ಅಭ್ಯಾಸದವರು ಇದನ್ನು ತಿರುವಿ ಹಿಡಿಯುತ್ತಾರೆ, ನೀರನ್ನು ಮೊಗೆಯುವಂತೆ. ಹಣ ಉಳಿದರೆ ಹಲಗೆಗಿಂತ ಹುಟ್ಟಿಗೆ ಹಾಕಿ ಎಂಬುದು ನನ್ನ ಸಲಹೆ: ಅಲ್ಯೂಮಿನಿಯಂ ಹುಟ್ಟು ಎತ್ತೆತ್ತಿ ಸೋತ ಕೈಗೆ ಕಾರ್ಬನ್ ಹುಟ್ಟಿನ ಹಗುರ ಏನೆಂದು ತಿಳಿಯುತ್ತದೆ.

ಜೀವರಕ್ಷಕ ಜಾಕೆಟ್ ಹಲಗೆಯ ಜೊತೆಗೇ ಕೊಳ್ಳಬೇಕು, ಮುಂದಿನ ತಿಂಗಳಲ್ಲ. ಈಜು ಬಲ್ಲವರಿಗೆ 50 ನ್ಯೂಟನ್ ತೇಲುಬಲದ್ದು ಆದೀತು, ಬಾರದವರಿಗೆ 100. ಕೆರೆಗೆ ಬಿದ್ದು ಹೋದ ಮಕ್ಕಳ ಸುದ್ದಿ ಬಾರದ ಬೇಸಿಗೆ ರಜೆಯೇ ನಮ್ಮ ಕಡೆ ಇಲ್ಲ; ಹಾಗಾಗಿ ಈ ವಿಚಾರದಲ್ಲಿ ನಾನು ಯಾರ ಮುಲಾಜೂ ನೋಡುವುದಿಲ್ಲ. ಇನ್ನು ನಿಮ್ಮನ್ನೂ ಹಲಗೆಯನ್ನೂ ಜೋಡಿಸುವ ಬಳ್ಳಿ, ಲೀಶ್. ನಿಂತ ನೀರಿಗೆ ಸುರುಳಿಯದು ಒಳ್ಳೆಯದು, ನೀರಿನಲ್ಲಿ ಎಳೆದಾಡುವುದಿಲ್ಲ. ಗಾಳಿ ಎದ್ದಾಗ ಹಲಗೆ ನೀವು ಈಜುವುದಕ್ಕಿಂತ ಬೇಗ ದೂರ ಹೋಗುತ್ತದೆ, ಆಗ ನಿಮ್ಮನ್ನು ಉಳಿಸುವುದು ಈ ಬಳ್ಳಿಯೇ. ಹರಿಯುವ ಹೊಳೆಯಲ್ಲಿ ಮಾತ್ರ ಕಾಲಿಗೆ ಕಟ್ಟಬಾರದು. ಕೊಂಬೆಗೆ ಸಿಕ್ಕಿದರೆ ಪ್ರವಾಹ ನಿಮ್ಮನ್ನು ಮುಳುಗಿಸಿ ಹಿಡಿಯುತ್ತದೆ, ಕೈ ಪಾದದ ತನಕ ಬಗ್ಗಲಾರದು. ಸೊಂಟಕ್ಕೆ ಕಟ್ಟಿ, ಎಳೆದ ಕೂಡಲೇ ಬಿಚ್ಚಿಕೊಳ್ಳುವಂಥದ್ದು ಬೇಕು. ಹೊಳೆನರಸೀಪುರದ ಬಳಿಯ ಹೊಳೆಗೆ ಇಳಿಯುವ ಆಸೆಯಿರುವವರಂತೂ ಅಣೆಕಟ್ಟೆಯಿಂದ ನೀರು ಬಿಡುವ ಸುದ್ದಿ ತಿಳಿದೇ ಹೆಜ್ಜೆಯಿಡಬೇಕು.

ಗೊರೂರು ಅಣೆಕಟ್ಟು ಕಾವೇರಿ ನೀರಾವರಿ ನಿಗಮದ್ದು. ಜಲಾಶಯಕ್ಕೆ ಇಳಿಯುವ ಮೊದಲು ಕೇಳಿ, ಬೇಡ ಎಂದರೆ ಬಿಡಿ. ಇದೇ ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿಯ ಇಗರ್ಜಿ ಎಲ್ಲರ ಕನಸು, ಗೊತ್ತು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಆ ಗೋಡೆಗಳು ವರ್ಷವರ್ಷವೂ ನೀರಲ್ಲಿ ನೆನೆದು ಬಿಸಿಲಲ್ಲಿ ಒಣಗಿ ಸಡಿಲಗೊಂಡಿವೆ. ಕಮಾನಿನೊಳಗೆ ಹಲಗೆ ನುಗ್ಗಿಸಿ ಫೋಟೊ ತೆಗೆಸಿಕೊಳ್ಳುವುದು ನಿಮಗೂ ಅಪಾಯ, ಅದಕ್ಕೂ ಅಪಾಯ. ದೂರದಿಂದ ಸುತ್ತು ಹಾಕಿ ಬನ್ನಿ.

ಕೊಳ್ಳುವ ಮೊದಲು ಮುಲ್ಕಿಯಲ್ಲೋ, ಉಡುಪಿ ಕಡೆಯ ಕೋಡಿ ಬೆಂಗ್ರೆಯಲ್ಲೋ ಕಲಿಸುವವರ ಬಳಿ ಬಾಡಿಗೆಗೆ ಪಡೆದು, ಒಂದೇ ಬೆಳಗ್ಗೆ ಎರಡು ಅಳತೆಯ ಹಲಗೆಗಳ ಮೇಲೆ ನಿಂತು ನೋಡಿ. ಮೊದಲು ಮಂಡಿಯೂರಿ, ಆಮೇಲೆ ಹಲಗೆಯ ನಡುವಿನ ಹಿಡಿಕೆಯ ಎರಡೂ ಬದಿಗೆ ಪಾದವಿಟ್ಟು ಎದ್ದು, ದೃಷ್ಟಿ ದಡದ ಮೇಲಿಡಿ. ತಂದ ಮೇಲೆ ಸುತ್ತಿಡುವ ಮುನ್ನ ಪೂರ್ತಿ ಒಣಗಿಸಿ, ಇಲ್ಲದಿದ್ದರೆ ನಮ್ಮ ಮಲೆನಾಡ ಸೆರಗಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಆಲೂಗಡ್ಡೆ, ರಾಗಿ ಇಡುವ ಕೋಣೆಯಲ್ಲಂತೂ ಇಡಲೇಬೇಡಿ. ಇಲಿ ಕಚ್ಚಿದ ತೂತಿಗೆ ತೇಪೆ ಹಾಕಬಹುದು, ಅಂಟಿಸಿದ ಅಂಚನ್ನೇ ಕಡಿದರೆ ಆ ಹಲಗೆಯನ್ನು ಸರಿಪಡಿಸುವುದು ಬಹಳ ಕಷ್ಟ.