ಐವಿಎಫ್‌ನಲ್ಲಿ ಅವಳಿ ಮಕ್ಕಳೇಕೆ ಹೆಚ್ಚು? ‘ಎರಡೂ ಒಟ್ಟಿಗೇ ಆಗಲಿ’ ಎನ್ನುವ ಮುನ್ನ ತಿಳಿಯಬೇಕಾದ್ದು

ನಟಿ ಭಾವನಾ ರಾಮಣ್ಣ ಐವಿಎಫ್ ಮೂಲಕ ಗರ್ಭಿಣಿಯಾಗಿದ್ದು, ಅವಳಿ ಮಕ್ಕಳ ನಿರೀಕ್ಷೆಯಲ್ಲಿರುವುದಾಗಿ 2025ರ ಜುಲೈನಲ್ಲಿ ತಿಳಿಸಿದ್ದರು. ಆಗ ನಡೆದ ಚರ್ಚೆಯೆಲ್ಲ ಮದುವೆಯಾಗದೆ ತಾಯಿಯಾಗುವ ಅವರ ನಿರ್ಧಾರದ ಸುತ್ತಲೇ ಇತ್ತು. ಸೆಪ್ಟೆಂಬರ್ ಹೊತ್ತಿಗೆ ಬಂದ ಸುದ್ದಿ ಬೇರೆಯೇ. ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು, ಒಂದು ಹೆಣ್ಣು ಮಗು ಆರೋಗ್ಯವಾಗಿತ್ತು, ಇನ್ನೊಂದು ಉಳಿಯಲಿಲ್ಲ. ಅವರ ಚಿಕಿತ್ಸೆಯ ವಿವರ ಅವರ ಖಾಸಗಿ ವಿಚಾರ. ಆದರೆ ಅವಳಿ ಬಸಿರು ಎಂದರೆ ಡಬಲ್ ಖುಷಿ ಎಂದಷ್ಟೇ ತಿಳಿದಿದ್ದ ಎಷ್ಟೋ ಮಂದಿಗೆ ಅದರ ಇನ್ನೊಂದು ಮುಖ ಕಂಡಿದ್ದು ಆಗಲೇ.

ಮಕ್ಕಳಾಗಲಿಲ್ಲ ಎಂದು ಆಸ್ಪತ್ರೆ ಅಲೆಯುವ ಕನ್ನಡಿಗರಿಗೆ ಬೆಂಗಳೂರಿನಷ್ಟೇ ಚೆನ್ನೈ ಕೂಡ ಪರಿಚಿತ. ಶ್ರೀಪೆರಂಬದೂರು, ಪೂಂದಮಲ್ಲಿ ದಾಟಿ ಗಿಂಡಿಯ ಕತ್ತಿಪಾರಾ ಮೇಲ್ಸೇತುವೆ ಹತ್ತುವ ಕರ್ನಾಟಕದ ವಾಹನಗಳಲ್ಲಿ ವೈದ್ಯರನ್ನು ಕಾಣಲು ಹೊರಟವರೂ ಇರುತ್ತಾರೆ. ದಕ್ಷಿಣ ಭಾರತದ ಮೊದಲ ಪ್ರನಾಳ ಶಿಶು 1990ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ, ಡಾ. ಕಮಲಾ ಸೆಲ್ವರಾಜ್ ಅವರ ಆಸ್ಪತ್ರೆಯಲ್ಲಿ. ಅಲ್ಲಿಗಾದರೂ ಇಲ್ಲಿಗಾದರೂ ಬರುವ ದಂಪತಿಯ ಮನಸ್ಸಿನಲ್ಲಿ ಒಂದು ಮಾತು ಇದ್ದೇ ಇರುತ್ತದೆ: ‘ಇಷ್ಟು ಖರ್ಚು ಮಾಡಿದ್ದೇವೆ, ಎರಡೂ ಒಟ್ಟಿಗೇ ಆಗಿಬಿಡಲಿ, ಒಂದೇ ಬಾಣಂತನದಲ್ಲಿ ಮುಗಿದುಹೋಗಲಿ’.

ಅವಳಿ ಆಗುವುದು ಹೇಗೆ?

ಸಹಜವಾಗಿ ಸುಮಾರು 80 ಹೆರಿಗೆಗಳಲ್ಲಿ ಒಂದು ಅವಳಿ ಎನ್ನುವುದು ಹಳೆಯ ಲೆಕ್ಕ. ತ್ರಿವಳಿಗೆ 80 ಗುಣಿಸು 80, ಅಂದರೆ ಸುಮಾರು 6,400ಕ್ಕೆ ಒಂದು. ಚಿಕಿತ್ಸೆ ಈ ಲೆಕ್ಕವನ್ನು ಎರಡು ಕಡೆಯಿಂದ ಬದಲಿಸುತ್ತದೆ.

ಮೊದಲನೆಯದು ಅಂಡಾಶಯವನ್ನು ಚುರುಕುಗೊಳಿಸುವ ಮಾತ್ರೆ ಮತ್ತು ಇಂಜೆಕ್ಷನ್. ಸಾಮಾನ್ಯವಾಗಿ ತಿಂಗಳಿಗೆ ಒಂದು ಅಂಡಾಣು ಬಲಿಯುತ್ತದೆ. ಔಷಧಿ ಕೊಟ್ಟಾಗ ಎರಡು, ಮೂರು, ಕೆಲವೊಮ್ಮೆ ಇನ್ನೂ ಹೆಚ್ಚು ಬಲಿಯಬಹುದು. ಅವುಗಳಲ್ಲಿ ಎಷ್ಟು ಫಲಿತವಾಗುತ್ತವೆ ಎಂಬುದು ವೈದ್ಯರ ಕೈಯಲ್ಲಿಲ್ಲ. ಆದ್ದರಿಂದಲೇ ಸ್ಕ್ಯಾನಿಂಗ್‌ನಲ್ಲಿ ಅಂಡಕೋಶಗಳು ಹೆಚ್ಚು ಕಂಡರೆ ‘ಈ ತಿಂಗಳು ಬೇಡ’ ಎಂದು ವೈದ್ಯರು ಚಿಕಿತ್ಸೆ ನಿಲ್ಲಿಸುತ್ತಾರೆ. ದಂಪತಿಗೆ ಸಿಟ್ಟು ಬರುವುದು ಸಹಜ, ಆದರೆ ಹಾಗೆ ನಿಲ್ಲಿಸುವವರೇ ಜವಾಬ್ದಾರಿಯುಳ್ಳ ವೈದ್ಯರು. ಸ್ಕ್ಯಾನಿಂಗ್ ಇಲ್ಲದೆ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಇದರಲ್ಲಿ ಅತ್ಯಂತ ಅಪಾಯದ ದಾರಿ.

ಎರಡನೆಯದು ಐವಿಎಫ್. ಇಲ್ಲಿ ಭ್ರೂಣ ಹೊರಗೇ ತಯಾರಾಗುವುದರಿಂದ ಗರ್ಭಕೋಶಕ್ಕೆ ಎಷ್ಟು ಬಿಡಬೇಕು ಎಂಬುದನ್ನು ಮನುಷ್ಯರೇ ತೀರ್ಮಾನಿಸುತ್ತಾರೆ. ಒಂದು ಕೈಕೊಟ್ಟರೆ ಇನ್ನೊಂದಾದರೂ ನಿಲ್ಲಲಿ ಎಂದು ಎರಡು, ಮೂರು ಬಿಡುವ ರೂಢಿ ಬೆಳೆದದ್ದು ಹೀಗೆ. ಎರಡೂ ನಿಂತರೆ ಅವಳಿ. ಇನ್ನು ಒಂದೇ ಭ್ರೂಣ ಬಿಟ್ಟರೂ ಅದು ತಾನೇ ಎರಡಾಗಿ ಒಡೆಯಬಹುದು, ಆದರೆ ಆ ಸಾಧ್ಯತೆ ನೂರಕ್ಕೆ ಒಂದೆರಡು ಮಾತ್ರ.

ಅಪಾಯ ಎಲ್ಲಿದೆ?

ಮುಖ್ಯವಾಗಿ ದಿನಗಳ ಲೆಕ್ಕದಲ್ಲಿ. ಒಂದೇ ಮಗುವಾದರೆ 39-40 ವಾರ. ಅವಳಿಗೆ ಸರಾಸರಿ 36 ವಾರದ ಆಸುಪಾಸು, ತ್ರಿವಳಿಗೆ 32. ಬೇಗ ಹುಟ್ಟಿದ ಮಗುವಿನ ಶ್ವಾಸಕೋಶ, ಕರುಳು, ಮಿದುಳು ಪೂರ್ತಿ ಬಲಿತಿರುವುದಿಲ್ಲ. ಎನ್‌ಐಸಿಯುನಲ್ಲಿ ವಾರಗಟ್ಟಲೆ ಇರಬೇಕಾಗಬಹುದು. ಐವಿಎಫ್‌ಗೆಂದು ಸಾಲ ಮಾಡಿದ ಕುಟುಂಬಕ್ಕೆ ಈ ಎರಡನೇ ಬಿಲ್ಲಿನ ಅಂದಾಜೇ ಇರುವುದಿಲ್ಲ. ತಾಯಿಗೆ ಬಿಪಿ, ಮಧುಮೇಹ, ರಕ್ತಹೀನತೆ, ಹೆರಿಗೆಯ ಬಳಿಕ ಅತಿಯಾದ ರಕ್ತಸ್ರಾವದ ಸಾಧ್ಯತೆಯೂ ಹೆಚ್ಚು. ಐವಿಎಫ್‌ಗೆ ಬರುವವರಲ್ಲಿ ವಯಸ್ಸು ಮೀರುತ್ತಿರುವವರೇ ಬಹಳ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಎಲ್ಲ ಅವಳಿಗಳೂ ಒಂದೇ ಅಲ್ಲ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಎರಡೂ ಮಕ್ಕಳಿಗೆ ಬೇರೆ ಬೇರೆ ಮಾಸು ಇದ್ದರೆ ಅಪಾಯ ಸ್ವಲ್ಪ ಕಡಿಮೆ. ಒಂದೇ ಮಾಸನ್ನು ಇಬ್ಬರೂ ಹಂಚಿಕೊಂಡಿದ್ದರೆ ಒಳಗಿನ ರಕ್ತನಾಳಗಳು ಕೂಡಿಕೊಂಡು ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿಯತೊಡಗಬಹುದು. ಒಂದು ಮಗು ಸೊರಗುತ್ತದೆ, ಇನ್ನೊಂದರ ಹೃದಯಕ್ಕೆ ಹೊರೆ ಬೀಳುತ್ತದೆ. ಇಂಥ ಗರ್ಭಗಳಲ್ಲಿ ಶೇ. 10ರಿಂದ 15ರಷ್ಟರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಬೇಗ ಗೊತ್ತಾದರೆ ಗರ್ಭದೊಳಗೇ ಲೇಸರ್ ಚಿಕಿತ್ಸೆ ಮಾಡಿ ಆ ರಕ್ತನಾಳಗಳನ್ನು ಮುಚ್ಚಬಹುದು. ಮಾಸು ಒಂದೋ ಎರಡೋ ಎಂಬುದು ಸ್ಪಷ್ಟವಾಗಿ ತಿಳಿಯುವುದು 14 ವಾರದೊಳಗಿನ ಸ್ಕ್ಯಾನಿಂಗ್‌ನಲ್ಲಿ, ಆಮೇಲೆ ಕಷ್ಟ. ರಿಪೋರ್ಟ್‌ನಲ್ಲಿ ಬರೀ ‘ಟ್ವಿನ್ಸ್’ ಎಂದಿದ್ದರೆ ಸಾಲದು, ಮಾಸಿನ ವಿವರ ಬರೆಸಿಕೊಳ್ಳಿ. ಒಂದೇ ಮಾಸಾದರೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಬೇಕು.

ಒಂದೇ ಭ್ರೂಣ ಬಿಟ್ಟರೆ ಸಾಕೇ?

ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಸ್ಕ್ಯಾಂಡಿನೇವಿಯಾದ ಆಸ್ಪತ್ರೆಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಿಂದ. 36 ವರ್ಷದೊಳಗಿನ 661 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಒಟ್ಟಿಗೇ ಎರಡು ಭ್ರೂಣ. ಇನ್ನೊಂದು ಗುಂಪಿಗೆ ಮೊದಲು ಒಂದು, ಅದರಿಂದ ಮಗುವಾಗದಿದ್ದರೆ ಶೈತ್ಯೀಕರಿಸಿಟ್ಟ ಇನ್ನೊಂದು. ಮೊದಲ ಗುಂಪಿನಲ್ಲಿ ಶೇ. 42.9, ಎರಡನೆಯದರಲ್ಲಿ ಶೇ. 38.8 ಮಂದಿಗೆ ಜೀವಂತ ಮಗು ಹುಟ್ಟಿತು. ವ್ಯತ್ಯಾಸ ಇಷ್ಟೇ. ಆದರೆ ಆ ಹೆರಿಗೆಗಳಲ್ಲಿ ಬಹುಶಿಶು ಹೆರಿಗೆಯ ಪಾಲು ಮೊದಲ ಗುಂಪಿನಲ್ಲಿ ಶೇ. 33.1, ಎರಡನೆಯದರಲ್ಲಿ ಬರೀ 0.8!

ಸ್ವೀಡನ್ 2003ರಲ್ಲೇ ಬಹುತೇಕ ಪ್ರಕರಣಗಳಲ್ಲಿ ಒಂದೇ ಭ್ರೂಣ ಎಂಬ ನಿಯಮ ತಂದಿತ್ತು. ಬ್ರಿಟನ್‌ನಲ್ಲಿ 1990ರ ದಶಕದಲ್ಲಿ ಶೇ. 28ರಷ್ಟಿದ್ದ ಐವಿಎಫ್ ಬಹುಶಿಶು ಹೆರಿಗೆ 2019ಕ್ಕೆ ಶೇ. 6ಕ್ಕೆ ಇಳಿಯಿತು. ನಮ್ಮಲ್ಲಿ ಚಿಕಿತ್ಸೆಯ ಖರ್ಚನ್ನು ಹೆಚ್ಚಾಗಿ ಕುಟುಂಬವೇ ಭರಿಸುವುದರಿಂದ ‘ಮತ್ತೊಮ್ಮೆ ಪ್ರಯತ್ನಿಸೋಣ’ ಎನ್ನುವುದು ಅಷ್ಟು ಸುಲಭವಲ್ಲ. ಆ ಕಷ್ಟ ನಿಜ. ಆದರೆ 40ರ ಗಡಿಯಲ್ಲಿರುವವರಿಗೂ 28ರ ಯುವತಿಗೂ ಒಂದೇ ಸಂಖ್ಯೆಯ ಭ್ರೂಣ ಬಿಡುವ ಕೇಂದ್ರವಿದ್ದರೆ ಏಕೆಂದು ಕೇಳಲೇಬೇಕು.

ಮೂರು, ನಾಲ್ಕು ನಿಂತರೆ?

ಆಗ ವೈದ್ಯರು ಭ್ರೂಣಗಳ ಸಂಖ್ಯೆ ತಗ್ಗಿಸುವ ಮಾತೆತ್ತಬಹುದು. ಸಾಮಾನ್ಯವಾಗಿ 11ರಿಂದ 14 ವಾರದೊಳಗೆ ಮಾಡುವ ಈ ಕ್ರಮದಲ್ಲಿ ಉಳಿದ ಮಗುವನ್ನೂ ಕಳೆದುಕೊಳ್ಳುವ ಸಣ್ಣ ಅಪಾಯವಿದೆ. ಒಂದೇ ಮಾಸು ಹಂಚಿಕೊಂಡ ಭ್ರೂಣಗಳಿಗೆ ಮಾಮೂಲಿ ಇಂಜೆಕ್ಷನ್ ವಿಧಾನ ಬಳಸುವಂತಿಲ್ಲ. ಲಿಂಗ ನೋಡಿ ಆರಿಸುವುದಂತೂ ಅಪರಾಧ. ವರ್ಷಗಟ್ಟಲೆ ಕಾದು ಪಡೆದ ಬಸಿರಿನಲ್ಲಿ ಯಾವುದನ್ನು ಉಳಿಸಬೇಕು ಎಂಬ ಪ್ರಶ್ನೆ ಎದುರಿಸುವ ತಾಯಿಯ ಸಂಕಟ ಹೇಳತೀರದು.

ಕಾನೂನು ಏನೆನ್ನುತ್ತದೆ?

ಐಸಿಎಂಆರ್‌ನ 2005ರ ಮಾರ್ಗಸೂಚಿ, ವಿಶೇಷ ಸಂದರ್ಭ ಬಿಟ್ಟರೆ ಒಂದು ಬಾರಿಗೆ ಮೂರಕ್ಕಿಂತ ಹೆಚ್ಚು ಭ್ರೂಣ ಬೇಡ ಎಂದಿತ್ತು. 2022ರ ಬಾಡಿಗೆ ತಾಯ್ತನ ನಿಯಮಗಳು ಇನ್ನೂ ಬಿಗಿ: ಒಂದೇ ಭ್ರೂಣ, ವಿಶೇಷ ಸಂದರ್ಭದಲ್ಲಿ ಮಾತ್ರ ಮೂರರವರೆಗೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ನಯನತಾರಾ-ವಿಘ್ನೇಶ್ ಶಿವನ್ ದಂಪತಿಗೆ ಬಾಡಿಗೆ ತಾಯ್ತನದಿಂದ ಅವಳಿ ಗಂಡುಮಕ್ಕಳಾದಾಗ ತಮಿಳುನಾಡು ಸರ್ಕಾರ ತನಿಖೆ ನಡೆಸಿ, ದಂಪತಿಯಿಂದ ನಿಯಮ ಉಲ್ಲಂಘನೆಯಾಗಿಲ್ಲ ಎಂದಿತ್ತು.

2019ರಲ್ಲಿ ಗುಂಟೂರಿನಲ್ಲಿ 70 ದಾಟಿದ ಮಹಿಳೆಯೊಬ್ಬರು ಐವಿಎಫ್‌ನಿಂದ ಅವಳಿ ಹೆಣ್ಣುಮಕ್ಕಳನ್ನು ಹೆತ್ತಿದ್ದು ನೆನಪಿರಬಹುದು. ಈಗ ಅದು ಸಾಧ್ಯವಿಲ್ಲ. 2021ರ ಎಆರ್‌ಟಿ ಕಾಯ್ದೆ ಮಹಿಳೆಗೆ 21ರಿಂದ 50, ಪುರುಷನಿಗೆ 21ರಿಂದ 55 ವರ್ಷದ ಮಿತಿ ಹಾಕಿದೆ. ಕೇಂದ್ರಗಳ ನೋಂದಣಿಯೂ ಕಡ್ಡಾಯ. ಉಳಿದ ಭ್ರೂಣಗಳನ್ನು 10 ವರ್ಷದವರೆಗೆ ಶೈತ್ಯೀಕರಿಸಿ ಇಡಲು ಅವಕಾಶವಿದೆ. ಹಾಗೆ ಇಡುವ ಶುಲ್ಕ ಪ್ಯಾಕೇಜ್‌ನಲ್ಲಿ ಸೇರಿದೆಯೇ, ಎರಡನೇ ಬಾರಿ ಭ್ರೂಣ ಬಿಡಲು ಎಷ್ಟಾಗುತ್ತದೆ ಎಂಬುದನ್ನು ಮೊದಲ ಇಂಜೆಕ್ಷನ್‌ಗೂ ಮುಂಚೆಯೇ ಬರಹದಲ್ಲಿ ಪಡೆಯಿರಿ. ಒಂದು ಬಿಡುವುದೋ ಎರಡೋ ಎಂಬ ತೀರ್ಮಾನ ಎಷ್ಟೋ ಮನೆಗಳಲ್ಲಿ ನಿಲ್ಲುವುದು ಈ ಎರಡು ಅಂಕಿಗಳ ಮೇಲೆಯೇ.